ಶಂಕರಪುರದ ಅಟ್ಟೆ, ಯುರೋಪಿನ ಟನ್ನು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಕಾರ್ಬನ್ ವ್ಯಾಪಾರದ ಬಗ್ಗೆಯೇ ಇವೆ. ಇಪ್ಪತ್ತೆಂಟು ವರ್ಷ ಮಂಗಳೂರು ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಇಂಧನ ತಪಾಸಣೆ ಮಾಡಿದವಳು ನಾನು. ಈಗ ನಿವೃತ್ತಳಾಗಿ ಉಡುಪಿಯಲ್ಲಿದ್ದೇನೆ. ಹಾಗಾಗಿ ಐದನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಗೆ ಸೆಮಿನಾರ್‌ಗೆ 'ಕಾರ್ಬನ್ ಮಾರುಕಟ್ಟೆಗಳ ಜೋಡಣೆ' ಅಂತ ವಿಷಯ ಕೊಟ್ಟಿದ್ದಾರೆ. ಹೊಗೆಯನ್ನು ಮಾರುವುದು ಅಂದರೇನೇ ನನಗೆ ಸರಿಯಾಗಿ ಗೊತ್ತಾಗಿಲ್ಲ. ಇನ್ನು ಎರಡು ದೇಶಗಳ ಮಾರುಕಟ್ಟೆಯನ್ನು ಜೋಡಿಸುವುದು ಹೇಗೆ? ಯಾಕೆ?
– ಬಿ.ಕಾಂ. ವಿದ್ಯಾರ್ಥಿನಿ, ಮೂಲ್ಕಿ

ಉತ್ತರ: ಹೊಗೆಯನ್ನು ಯಾರೂ ಮಾರುವುದಿಲ್ಲ ತಂಗಿ. ಮಾರುವುದು ಹೊಗೆ ಬಿಡುವ ಪರವಾನಗಿಯನ್ನು. ಈ ವರ್ಷ ದೇಶದ ಕಾರ್ಖಾನೆಗಳೆಲ್ಲ ಸೇರಿ ಇಷ್ಟೇ ಟನ್ ಇಂಗಾಲದ ಡೈಆಕ್ಸೈಡ್ ಬಿಡಬಹುದು ಅಂತ ಸರ್ಕಾರ ಮಿತಿ ಹಾಕುತ್ತದೆ. ಅಷ್ಟೇ ಚೀಟಿಗಳನ್ನು ಹೊರಡಿಸುತ್ತದೆ. ಒಂದು ಚೀಟಿಗೆ ಒಂದು ಟನ್. ಕೆಲವನ್ನು ಹರಾಜು ಹಾಕುತ್ತದೆ, ಕೆಲವನ್ನು ಸುಮ್ನೆ ಹಂಚುತ್ತದೆ. ವರ್ಷ ಮುಗಿದ ಮೇಲೆ ಪ್ರತಿ ಕಾರ್ಖಾನೆಯೂ ತಾನು ಬಿಟ್ಟಷ್ಟು ಟನ್ನಿಗೆ ಚೀಟಿ ಒಪ್ಪಿಸಬೇಕು. ಕಡಿಮೆ ಬಿಟ್ಟವರ ಹತ್ತಿರ ಚೀಟಿ ಉಳಿಯುತ್ತದೆ, ಜಾಸ್ತಿ ಬಿಟ್ಟವರು ಅವರಿಂದ ಕೊಳ್ಳುತ್ತಾರೆ. ವರ್ಷದಿಂದ ವರ್ಷಕ್ಕೆ ಸರ್ಕಾರ ಚೀಟಿಗಳ ಸಂಖ್ಯೆ ಇಳಿಸುತ್ತಾ ಹೋಗುತ್ತದೆ. ಇಡೀ ವ್ಯವಸ್ಥೆಯ ಜೀವ ಇರುವುದು ಆ ಇಳಿಕೆಯಲ್ಲಿ.

ಇನ್ನು ಜೋಡಣೆ. ಒಂದು ದೇಶದಲ್ಲಿ ಒಂದು ಟನ್ ಕಡಿಮೆ ಮಾಡಲು ಸಾವಿರ ರೂಪಾಯಿ ಸಾಕು ಅಂತ ಇಟ್ಟುಕೊಳ್ಳಿ. ಅಲ್ಲಿ ಬಾಯ್ಲರ್‌ಗಳು ಹಳೆಯವು, ರಿಪೇರಿ ಮಾಡಿದರೂ ಎಷ್ಟೋ ಉಳಿತಾಯ ಆಗುತ್ತದೆ. ಇನ್ನೊಂದು ದೇಶದಲ್ಲಿ ಸುಲಭದ್ದೆಲ್ಲ ಮಾಡಿ ಮುಗಿದಿದೆ, ಅಲ್ಲಿ ಒಂದು ಟನ್ನಿಗೆ ನಾಲ್ಕು ಸಾವಿರ ಬೇಕು. ಇಬ್ಬರೂ ಪರಸ್ಪರರ ಚೀಟಿಯನ್ನು ಒಪ್ಪಿಕೊಂಡರೆ ಎರಡನೆಯವರು ಮೊದಲನೆಯವರಿಂದ ಕೊಳ್ಳುತ್ತಾರೆ. ದರ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಅಷ್ಟೇ ಹೊಗೆ ಕಡಿಮೆ ಆಗುತ್ತದೆ, ಖರ್ಚು ಕಡಿಮೆ. ಆಕಾಶಕ್ಕೆ ಗಡಿ ಇಲ್ಲ. ಒಂದು ಟನ್ ಮೂಲ್ಕಿಯಲ್ಲಿ ಉಳಿದರೂ ಒಂದೇ, ಬರ್ಲಿನ್‌ನಲ್ಲಿ ಉಳಿದರೂ ಒಂದೇ.

ಕೇಳಲು ಎಷ್ಟು ಸುಲಭ, ಅಲ್ವಾ? ಕಷ್ಟ ಎಲ್ಲಿದೆ ಅಂತ ಹೇಳಲು ನಾನು ನಿಮ್ಮನ್ನು ಶಂಕರಪುರಕ್ಕೆ ಕರೆದುಕೊಂಡು ಹೋಗುತ್ತೇನೆ.

ನನ್ನ ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದರು. ಬೆಳಗ್ಗೆ ಬೇಗ ಮೊಗ್ಗು ಕೊಯ್ದು ತಂದು, ಜಗಲಿಯಲ್ಲಿ ಕಾಲು ಚಾಚಿ ಕೂತು, ನೀರಲ್ಲಿ ನೆನೆಸಿದ ಬಾಳೆ ನಾರನ್ನು ಉಗುರಲ್ಲಿ ಸೀಳಿ ಕಟ್ಟುತ್ತಿದ್ದರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಎಣಿಕೆ ನಡೆಯುತ್ತಿತ್ತು. 800 ಮೊಗ್ಗಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಇಲ್ಲ, ಕೈ ಎತ್ತಿ ತಡೆಯುತ್ತಿದ್ದರು. ಆ ದಿನದ ದರ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಉಡುಪಿಯ ರಥಬೀದಿಯಲ್ಲೂ, ಮಂಗಳೂರಿನ ಹೂವಿನ ಅಂಗಡಿಯಲ್ಲೂ ಅದೇ ದರದ ಮೇಲೆ ವ್ಯಾಪಾರ. ಮುಂಬೈಗೆ ಹೋಗುವ ಹೂವಿಗೂ ಅದೇ. ಕೊಳ್ಳುವವರು ಯಾರೂ ಬಿಚ್ಚಿ ಎಣಿಸುವುದಿಲ್ಲ. ಅಟ್ಟೆ ಅಂದರೆ 3,200 ಮೊಗ್ಗು ಅಂತ ಎಲ್ಲರಿಗೂ ಗೊತ್ತು, ಎಲ್ಲರಿಗೂ ನಂಬಿಕೆ.

ಈಗ ಒಂದು ಊರಿನವರು 600ಕ್ಕೇ ಚೆಂಡು ಕಟ್ಟಿ ಅದೇ ಕಟ್ಟೆಗೆ ತಂದರು ಅಂತ ಇಟ್ಟುಕೊಳ್ಳಿ. ಕೆಲವು ದಿನ ಅವರಿಗೆ ಲಾಭ. ಆಮೇಲೆ ಕೊಳ್ಳುವವರು ಎಲ್ಲರ ಅಟ್ಟೆಯನ್ನೂ ಅನುಮಾನದಿಂದ ನೋಡುತ್ತಾರೆ. ನನ್ನ ಅಜ್ಜಿಯ ಅಟ್ಟೆಯ ದರವೂ ಬೀಳುತ್ತದೆ.

ಕಾರ್ಬನ್ ಮಾರುಕಟ್ಟೆ ಜೋಡಣೆಯಲ್ಲಿ ನಡೆಯುವ ಮಾತುಕತೆಯೆಲ್ಲ ಇದೇ. ನಿನ್ನ ಚೆಂಡಿನಲ್ಲಿ ಎಷ್ಟು ಮೊಗ್ಗು? ಎಣಿಸಿದವರು ಯಾರು? ತಪ್ಪು ಎಣಿಸಿದರೆ ದಂಡ ಎಷ್ಟು? ನಾಳೆ ನೀನು ಬೇಕಾದಷ್ಟು ಚೀಟಿ ಅಚ್ಚು ಹಾಕುವುದಿಲ್ಲ ಅಂತ ಏನು ಗ್ಯಾರಂಟಿ?

ಯುರೋಪಿನ ಮಾರುಕಟ್ಟೆ 2005ರಲ್ಲಿ ಶುರುವಾಯಿತು. ಕಾರ್ಖಾನೆಗಳು ಎಷ್ಟು ಹೊಗೆ ಬಿಡುತ್ತವೆ ಅಂತ ಆಗ ಯಾರ ಹತ್ತಿರವೂ ಗಟ್ಟಿ ಲೆಕ್ಕ ಇರಲಿಲ್ಲ. 2006ರ ಏಪ್ರಿಲ್‌ನಲ್ಲಿ ಮೊದಲ ನಿಜ ಲೆಕ್ಕ ಹೊರಬಂತು. ಹೊಗೆಗಿಂತ ಚೀಟಿಯೇ ಜಾಸ್ತಿ ಹಂಚಿಹೋಗಿತ್ತು. ಕೆಲವೇ ದಿನಗಳಲ್ಲಿ ದರ ಅರ್ಧಕ್ಕಿಂತ ಕೆಳಗೆ ಬಿತ್ತು. 2007ರ ಹೊತ್ತಿಗೆ ಆ ಚೀಟಿಗೆ ಬೆಲೆಯೇ ಇಲ್ಲ ಅನ್ನುವಂತಾಯಿತು. ಅವರು ಕಲಿತರು, ತಿದ್ದಿಕೊಂಡರು. 2023ರ ಫೆಬ್ರವರಿಯಲ್ಲಿ ಅದೇ ಮಾರುಕಟ್ಟೆಯ ದರ ಟನ್ನಿಗೆ 100 ಯೂರೊ ಮುಟ್ಟಿತು.

ಆ ಮಾರುಕಟ್ಟೆಗೆ ಸ್ವಿಟ್ಜರ್ಲೆಂಡ್ ಸೇರಿದ ಕಥೆಯನ್ನು ಸೆಮಿನಾರ್‌ನಲ್ಲಿ ಖಂಡಿತ ಹೇಳಿ. ಸುತ್ತಲೂ ಯುರೋಪ್ ಒಕ್ಕೂಟದ ದೇಶಗಳು, ನಡುವೆ ಈ ಸಣ್ಣ ದೇಶ. ಆದರೂ ಮಾತುಕತೆಗೆ ವರ್ಷಗಟ್ಟಲೆ ಹಿಡಿಯಿತು. 2017ರ ನವೆಂಬರ್‌ನಲ್ಲಿ ಸಹಿ ಬಿತ್ತು, 2020ರ ಜನವರಿ 1ರಂದು ಜೋಡಣೆ ಜಾರಿಗೆ ಬಂತು. ಸ್ವಿಸ್ ಕಡೆಯವರು ವಿಮಾನಗಳ ಹೊಗೆಯನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಯಿತು. ಯಾಕೆಂದರೆ ಆ ಕಡೆಯ ಚೆಂಡಿನಲ್ಲಿ ಅದು ಇತ್ತು.

ದೇಶ ದೇಶಗಳೇ ಆಗಬೇಕೆಂದೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮತ್ತು ಕೆನಡಾದ ಕ್ವಿಬೆಕ್ ಪ್ರಾಂತ್ಯ 2014ರಿಂದ ಜೋಡಿಯಾಗಿವೆ. ಒಟ್ಟಿಗೇ ಹರಾಜು ನಡೆಸುತ್ತವೆ. ಕ್ವಿಬೆಕ್‌ನಲ್ಲಿ ಕರೆಂಟು ಬಹುತೇಕ ಎಲ್ಲಾ ನೀರಿನಿಂದ ಬರುವುದು. ಅಲ್ಲಿ ಅಗ್ಗಕ್ಕೆ ಕಡಿಮೆ ಮಾಡುವಂಥದ್ದು ಹೆಚ್ಚೇನೂ ಉಳಿದಿಲ್ಲ. ಹಾಗಾಗಿ ಅವರಿಗೆ ಕ್ಯಾಲಿಫೋರ್ನಿಯಾದ ಚೀಟಿ ಬೇಕು. 2018ರ ಜನವರಿಯಲ್ಲಿ ಕೆನಡಾದ ಒಂಟಾರಿಯೊ ಕೂಡ ಬಂದು ಸೇರಿತು. ಜೂನ್‌ನಲ್ಲಿ ಅಲ್ಲಿ ಚುನಾವಣೆ. ಹೊಸ ಸರ್ಕಾರ ಬಂದ ಕೂಡಲೇ ನಾವು ಹೊರಗೆ ಅಂದಿತು. ಉಳಿದ ಇಬ್ಬರು ಒಂಟಾರಿಯೊ ಖಾತೆಗಳಿಂದ ಚೀಟಿ ಹೊರಬರದಂತೆ ತಕ್ಷಣ ಬಾಗಿಲು ಹಾಕಿದರು. ಹಣ ಕೊಟ್ಟು ಚೀಟಿ ಕೊಂಡಿದ್ದ ಅಲ್ಲಿನ ಕಂಪನಿಗಳ ಗತಿ ಏನಾಗಿರಬೇಡ ಯೋಚಿಸಿ.

ಆಸ್ಟ್ರೇಲಿಯಾದ್ದು ಇನ್ನೂ ಬೇಸರದ ಕಥೆ. 2012ರ ಆಗಸ್ಟ್‌ನಲ್ಲಿ ಯುರೋಪಿನ ಜೊತೆ ಜೋಡಣೆಗೆ ಒಪ್ಪಂದ, 2018ಕ್ಕೆ ಪೂರ್ತಿ ಆಗಬೇಕಿತ್ತು. 2014ರ ಜುಲೈನಲ್ಲಿ ಆಸ್ಟ್ರೇಲಿಯಾ ತನ್ನ ಕಾರ್ಬನ್ ದರದ ಕಾನೂನನ್ನೇ ರದ್ದು ಮಾಡಿತು. ಮದುವೆ ಗೊತ್ತಾಗಿ ಛತ್ರ ಹಿಡಿದ ಮೇಲೆ ನಿಂತುಹೋದ ಹಾಗೆ.

ಇದರಿಂದ ನನಗೆ ಅನಿಸುವುದು ಇಷ್ಟು. ಮಾರುಕಟ್ಟೆ ಜೋಡಿಸುವವರು ಇನ್ನೊಬ್ಬರ ಚೀಟಿಯನ್ನಷ್ಟೇ ಕೊಳ್ಳುವುದಿಲ್ಲ. ಅವರ ಚುನಾವಣೆ, ಅವರ ಅಳತೆ, ಅವರ ಕೋರ್ಟು ಎಲ್ಲವನ್ನೂ ಜೊತೆಗೆ ತೆಗೆದುಕೊಳ್ಳುತ್ತಾರೆ. ಆದರೂ ಜೋಡಣೆ ಬೇಕು ಅನ್ನುವವಳು ನಾನು. ಒಬ್ಬೊಬ್ಬರೇ ಮಾಡಿದರೆ ಖರ್ಚು ಜಾಸ್ತಿ, ಖರ್ಚು ಜಾಸ್ತಿಯಾದರೆ ಜನ ಬೇಗ ಕೈಬಿಡುತ್ತಾರೆ.

ಪ್ರಶ್ನೆ: ಮಲ್ಪೆಯಿಂದ ಯುರೋಪಿಗೆ ಬೊಂಡಾಸ್ ಕಳಿಸುವವರ ಹತ್ತಿರ ಲೆಕ್ಕ ಬರೆಯುತ್ತೇನೆ. ಯುರೋಪಿನವರು ಗಡಿಯಲ್ಲಿ ಕಾರ್ಬನ್ ಸುಂಕ ಹಾಕುತ್ತಾರಂತೆ. ಮೀನಿಗೂ ಬರುತ್ತಾ?
– ಓದುಗರು, ಮಲ್ಪೆ

ಉತ್ತರ: ಈಗ ಇಲ್ಲ. ಹೊರಗಿನಿಂದ ಬರುವ ಮಾಲು ತಯಾರಾಗುವಾಗ ಬಿಟ್ಟ ಹೊಗೆಗೆ ಹಾಕುವ ಸುಂಕ ಅದು. ಅದರ ಪಟ್ಟಿಯಲ್ಲಿ ಇರುವುದು ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್. ಮೀನು, ಗೋಡಂಬಿ, ಕಾಫಿ ಯಾವುದೂ ಇಲ್ಲ.

ಆದರೆ ಕಂಟೇನರ್ ಬಾಡಿಗೆಯ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. 2024ರಿಂದ ಯುರೋಪಿನ ಬಂದರಿಗೆ ಹೋಗುವ ದೊಡ್ಡ ಹಡಗುಗಳೂ ಅಲ್ಲಿನ ಕಾರ್ಬನ್ ಮಾರುಕಟ್ಟೆಗೆ ಬಂದಿವೆ. ಹೊರದೇಶದಿಂದ ಬರುವ ಹಡಗಾದರೆ ಆ ಪ್ರಯಾಣದ ಅರ್ಧ ಹೊಗೆಗೆ ಚೀಟಿ ಕೊಡಬೇಕು. ಹಡಗಿನವರು ಆ ಖರ್ಚನ್ನು ಗಿರಾಕಿಯ ಬಿಲ್ಲಿಗೇ ಹಾಕುತ್ತಾರೆ. ನಿಮ್ಮ ಬೊಂಡಾಸ್ ಆಗಲೇ ಯುರೋಪಿನ ಕಾರ್ಬನ್ ದರ ಕಟ್ಟುತ್ತಿರಬಹುದು. ರೇಟ್ ಮಾತಾಡುವಾಗ ಆ ಸಾಲನ್ನು ಬೇರೆಯಾಗಿ ತೋರಿಸಿ ಅಂತ ಕೇಳಿ.

ಪ್ರಶ್ನೆ: ಪಣಂಬೂರಿನ ಕಡೆ ಕಾರ್ಖಾನೆಯಲ್ಲಿ ಕೆಲಸ. ಭಾರತದಲ್ಲೂ ಕಾರ್ಬನ್ ಮಾರುಕಟ್ಟೆ ಬಂದಿದೆಯಂತೆ. ಅದನ್ನು ಯುರೋಪಿನ ಜೊತೆ ಜೋಡಿಸಿದರೆ ಆ ಗಡಿ ಸುಂಕ ತಪ್ಪುತ್ತದೆ, ಸರ್ಕಾರ ಯಾಕೆ ಮಾಡುತ್ತಿಲ್ಲ?
– ಓದುಗರು, ಸುರತ್ಕಲ್

ಉತ್ತರ: ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. ಯುರೋಪಿನ ಮಾರುಕಟ್ಟೆಗೆ ಸೇರಿದ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್, ಜೋಡಣೆಯಾದ ಸ್ವಿಟ್ಜರ್ಲೆಂಡ್ ಇವಕ್ಕೆ ಆ ಗಡಿ ಸುಂಕ ಇಲ್ಲ. ಬ್ರಿಟನ್ 2021ರಲ್ಲಿ ಬೇರೆ ಮಾರುಕಟ್ಟೆ ಮಾಡಿಕೊಂಡಿತ್ತು. 2025ರ ಮೇ ತಿಂಗಳಲ್ಲಿ ಮತ್ತೆ ಯುರೋಪಿನ ಜೊತೆ ಜೋಡಿಸುವತ್ತ ಹೋಗೋಣ ಅಂತ ಎರಡೂ ಕಡೆಯವರು ಒಪ್ಪಿದರು. ಸುಂಕ ತಪ್ಪಿಸುವುದೂ ಅದಕ್ಕೆ ಒಂದು ಮುಖ್ಯ ಕಾರಣ.

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. ಗೊಬ್ಬರ ಪಟ್ಟಿಯಲ್ಲಿದೆ. ಕಬ್ಬಿಣದ ಅದಿರಿನ ಪೆಲೆಟ್ ಕೂಡ ಇದೆ. ಪಣಂಬೂರಿನಲ್ಲಿ ಪೆಲೆಟ್ ರಾಶಿ ನೋಡುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಕೊಟ್ಟರೆ ಸಾಕಿತ್ತು. 2026ರ ಜನವರಿ 1ರಿಂದ ಹೋಗುವ ಮಾಲಿಗೆ ಹಣದ ಬಾಧ್ಯತೆ ಶುರು.

ಮತ್ತೆ ಜೋಡಿಸಲು ಏನು ಅಡ್ಡಿ? ಮುಖ್ಯವಾದದ್ದು, ಅವರ ಚೆಂಡು ಬೇರೆ, ನಮ್ಮ ಚೆಂಡು ಬೇರೆ.

ಒಂದು ಉಡುಪಿ ಹೋಟೆಲ್ ಇಟ್ಟುಕೊಳ್ಳಿ. ಯಜಮಾನರು ಭಟ್ಟರಿಗೆ ಎರಡು ರೀತಿ ಹೇಳಬಹುದು. ತಿಂಗಳಿಗೆ ನಲವತ್ತೇ ಸಿಲಿಂಡರ್, ಅದರ ಮೇಲೆ ಒಂದೂ ಇಲ್ಲ. ಇದು ಯುರೋಪಿನ ದಾರಿ. ಇಲ್ಲವೇ, ಸಿಲಿಂಡರ್ ಎಷ್ಟಾದರೂ ಆಗಲಿ, ಒಂದು ದೋಸೆಗೆ ಹೋಗುವ ಗ್ಯಾಸ್ ಮಾತ್ರ ಇಷ್ಟಕ್ಕೆ ಇಳಿಯಬೇಕು. ಇದು ನಮ್ಮ ದಾರಿ. ಗಿರಾಕಿ ಜಾಸ್ತಿಯಾಗುತ್ತಿರುವ ಹೋಟೆಲಿಗೆ ಎರಡನೆಯದೇ ನ್ಯಾಯ. ಬೆಳೆಯುವ ದೇಶಕ್ಕೆ ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ದೋಸೆ ಲೆಕ್ಕದ ಉಳಿತಾಯವನ್ನು ಸಿಲಿಂಡರ್ ಲೆಕ್ಕದವರಿಗೆ ಮಾರುವುದು ಹೇಗೆ? ನಮ್ಮಲ್ಲಿ ಒಟ್ಟು ಹೊಗೆ ಏರುತ್ತಿದ್ದರೂ ಮಾರಲು ಕ್ರೆಡಿಟ್, ಅಂದರೆ ಉಳಿತಾಯದ ಚೀಟಿ, ಇರುತ್ತದೆ. ಅದನ್ನು ಸುಮ್ನೆ ಒಪ್ಪಿಕೊಂಡರೆ ಅವರ ಮಿತಿ ಮಿತಿಯಾಗಿ ಉಳಿಯುವುದಿಲ್ಲ.

ನಮ್ಮ ಯೋಜನೆಗೆ ಬುಡ ಹಾಕಿದ್ದು 2022ರ ಇಂಧನ ಸಂರಕ್ಷಣೆ ತಿದ್ದುಪಡಿ ಕಾಯ್ದೆ. 2023ರ ಜೂನ್‌ನಲ್ಲಿ ಅಧಿಸೂಚನೆ ಬಂತು. ಉಕ್ಕು, ಸಿಮೆಂಟ್, ಗೊಬ್ಬರ, ತೈಲ ಸಂಸ್ಕರಣೆ, ಕಾಗದ, ಜವಳಿ ಹೀಗೆ ಒಂಬತ್ತು ವಲಯಗಳು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಈ ಒಂಬತ್ತರಲ್ಲಿ ಇಲ್ಲ. ಯುರೋಪಿನವರು ಮೊದಲ ದಿನವೇ ವಿದ್ಯುತ್ ಸ್ಥಾವರಗಳನ್ನು ಸೇರಿಸಿದ್ದರು. ನಾವೂ ಸೇರಿಸಲೇಬೇಕು. ಮನೆಯ ಅತಿ ದೊಡ್ಡ ಒಲೆಯನ್ನು ಬಿಟ್ಟು ಸಣ್ಣ ಒಲೆಗಳ ಲೆಕ್ಕ ಇಟ್ಟರೆ ಹೊರಗಿನವರು ಕೇಳುತ್ತಾರೆ.

ಜೋಡಣೆ ಇಲ್ಲದಿದ್ದರೂ ಒಂದು ದಾರಿ ಇದೆ. ಸ್ವಂತ ದೇಶದಲ್ಲಿ ಕಾರ್ಬನ್ ದರ ಕಟ್ಟಿದ್ದರೆ ಅಷ್ಟನ್ನು ಗಡಿ ಸುಂಕದಲ್ಲಿ ಕಳೆಯಲು ಯುರೋಪಿನ ಕಾನೂನಿನಲ್ಲಿ ಅವಕಾಶ ಇದೆ. ಆ ಹಣ ಬ್ರಸೆಲ್ಸ್‌ಗೆ ಹೋಗುವ ಬದಲು ನಮ್ಮಲ್ಲೇ ಉಳಿಯಲಿ. ಅದಕ್ಕೂ ಬೇಕಾದದ್ದು ನಂಬುವಂಥ ಲೆಕ್ಕ. ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ವರ್ಷಗಳ ಹಿಂದೆ ಬೈಕಂಪಾಡಿಯ ಒಂದು ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ಬಾಯ್ಲರ್ ಮನೆಯ ಮೇಜಿನ ಮೇಲೆ ಲಾಗ್ ಪುಸ್ತಕ. ದಿನದ ಕಲ್ಲಿದ್ದಲು, ಹಬೆ, ನೀರು. ಪುಟ ತಿರುಗಿಸಿದೆ. ಕಲ್ಲಿದ್ದಲಿನ ಕಾಲಂನಲ್ಲಿ ಇಡೀ ತಿಂಗಳು 18.5. ಹಿಂದಿನ ತಿಂಗಳೂ 18.5. ಭಾನುವಾರವೂ 18.5. ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಆಪರೇಟರ್ ಒಳ್ಳೆಯ ಹುಡುಗ. ಮುಚ್ಚಿಡಲಿಲ್ಲ. "ಮೇಡಂ, ಬೆಲ್ಟಿನ ತೂಕದ ಯಂತ್ರ ಹಾಳಾಗಿ ಮಳೆಗಾಲ ಕಳೀತು. ಹೊಸದಕ್ಕೆ ಬರೆದು ಬರೆದು ಸಾಕಾಯ್ತು" ಅಂದ.

ಹೊರಗೆ ಹೋಗಿ ರಾಶಿ ನೋಡಿದೆ. ಅರ್ಧಕ್ಕೆ ಟಾರ್ಪಾಲು, ಅರ್ಧ ಬಯಲಿಗೆ. ನಮ್ಮ ಮಳೆ ನಿಮಗೆ ಗೊತ್ತಲ್ಲ. ಕೈಯಲ್ಲಿ ಒಂದು ಹಿಡಿ ತೆಗೆದು ಹಿಂಡಿದರೆ ಕಪ್ಪು ನೀರು ಮೊಣಕೈವರೆಗೆ ಇಳಿಯಿತು. ತೂಕದಲ್ಲಿ ಕಲ್ಲಿದ್ದಲು ಎಷ್ಟು, ನೀರು ಎಷ್ಟು? ಸ್ಯಾಂಪಲ್ ತೆಗೆದು ಲ್ಯಾಬಿನ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿದರೆ ಮಾತ್ರ ಗೊತ್ತಾಗುತ್ತದೆ. ಆ ಪರೀಕ್ಷೆಯೂ ತಿಂಗಳುಗಟ್ಟಲೆ ನಡೆದಿರಲಿಲ್ಲ. ಎರಡು ದಿನ ಅಲ್ಲೇ ನಿಂತು, ಪ್ರತಿ ಟಿಪ್ಪರನ್ನೂ ವೇಬ್ರಿಡ್ಜಿಗೆ ಕಳಿಸಿ, ಚೀಟಿ ಕೂಡಿಸಿದೆವು. ಪುಸ್ತಕದ ಅಂಕಿಗೂ ನಿಜಕ್ಕೂ ತಾಳೆಯೇ ಇರಲಿಲ್ಲ.

ಅವರೇನೂ ಮೋಸಗಾರರಲ್ಲ. ಆ ಅಂಕಿಯನ್ನು ಯಾರೂ ಓದುವುದಿಲ್ಲ ಅಂತ ಅಂದುಕೊಂಡಿದ್ದರು, ಅಷ್ಟೇ. ಈಗ ಓದುವವರು ಇದ್ದಾರೆ. ಒಂದೊಂದು ಅಂಕಿಗೂ ಹಣ ಅಂಟಿಕೊಂಡಿದೆ. ದಯವಿಟ್ಟು ನಿಮ್ಮ ಕಾರ್ಖಾನೆಯ ಲಾಗ್ ಪುಸ್ತಕವನ್ನು ಇವತ್ತೇ ತೆರೆದು ನೋಡಿ. ಜೋಡಣೆ ದೆಹಲಿಯಲ್ಲಿ ಆಗುವ ಕೆಲಸ, ಆದರೆ ಅದರ ಮೊದಲ ಕೊಂಡಿ ನಿಮ್ಮ ಬೆಲ್ಟಿನ ತೂಕದ ಯಂತ್ರದಲ್ಲಿದೆ.

ಪ್ರಶ್ನೆ: ನಮಗೆ ಆರು ಎಕರೆ ಜಾಗ ಇದೆ. ಅಡಿಕೆ, ಸ್ವಲ್ಪ ರಬ್ಬರ್, ಗುಡ್ಡದಲ್ಲಿ ಹಳೇ ಮರಗಳು. ಒಬ್ಬರು ಬಂದು ಮರಗಳಿಗೆ ಕಾರ್ಬನ್ ಕ್ರೆಡಿಟ್ ಮಾಡಿಸಿ ಯುರೋಪಿನ ದರಕ್ಕೆ ಮಾರಿಕೊಡುತ್ತೇವೆ, 30 ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಅಂತಾರೆ. ಮೊಬೈಲಿನಲ್ಲಿ ದರವನ್ನೂ ತೋರಿಸಿದರು. ಹಾಕಬಹುದಾ?
– ಕೃಷಿಕರು, ಕಾರ್ಕಳ

ಉತ್ತರ: ಸ್ವಲ್ಪ ನಿಲ್ಲಿ ಮಾರಾಯ್ರೆ. ಈಗಲೇ ಹಾಕಬೇಡಿ.

ಅವರು ಮೊಬೈಲಿನಲ್ಲಿ ತೋರಿಸಿದ್ದು ಯುರೋಪಿನ ಕಾರ್ಖಾನೆಗಳ ಚೀಟಿಯ ದರ. ಆ ಮಾರುಕಟ್ಟೆ 2021ರಿಂದ ಹೊರದೇಶದ ಯಾವ ಯೋಜನೆಯ ಕ್ರೆಡಿಟ್ಟನ್ನೂ ತೆಗೆದುಕೊಳ್ಳುತ್ತಿಲ್ಲ. ಹಿಂದೆ ಒಂದು ಕಾಲದಲ್ಲಿ ತೆಗೆದುಕೊಳ್ಳುತ್ತಿತ್ತು. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡಿದ್ದ ಹಳೇ ಕ್ಯೋಟೊ ಒಪ್ಪಂದದ ಯೋಜನೆಯಡಿ ನಮ್ಮ ದೇಶದಿಂದಲೂ ರಾಶಿಗಟ್ಟಲೆ ಹೋಯಿತು. 2012ರ ಕೊನೆಗೆ ಆ ಕ್ರೆಡಿಟ್ಟಿನ ದರ ಒಂದು ಯೂರೊಗಿಂತ ಕೆಳಗೆ ಬಿತ್ತು. ಅದನ್ನೇ ನಂಬಿ ಬಂಡವಾಳ ಹಾಕಿದವರು ಕೈ ಸುಟ್ಟುಕೊಂಡರು. ನಿಮ್ಮ ಮರದ ಕ್ರೆಡಿಟ್ ಹೋಗುವುದು ಸ್ವಯಂಪ್ರೇರಿತ ಮಾರುಕಟ್ಟೆಗೆ, ಅಂದರೆ ಕಾನೂನಿನ ಒತ್ತಾಯ ಇಲ್ಲದೆ ತಾವಾಗಿಯೇ ಕೊಳ್ಳುವವರ ಮಾರುಕಟ್ಟೆಗೆ. ಅಲ್ಲಿನ ದರವೇ ಬೇರೆ.

ಇನ್ನೊಂದು. ಆಗಲೇ ನಿಂತಿರುವ ಮರಕ್ಕೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ. ಈ ಹಣ ಬರದಿದ್ದರೆ ಆಗುತ್ತಲೇ ಇರಲಿಲ್ಲ ಅನ್ನುವ ಹೊಸ ಕೆಲಸಕ್ಕೆ ಮಾತ್ರ. ನಿಮ್ಮ ಅಜ್ಜ ನೆಟ್ಟ ಹಲಸಿನ ಮರಕ್ಕೆ ಯಾರಾದರೂ ಕ್ರೆಡಿಟ್ ಕೊಟ್ಟರೆ ಅದು 600ರ ಚೆಂಡು.

ಆ ಮನುಷ್ಯ ಮತ್ತೆ ಬಂದರೆ ಕೂರಿಸಿ, ಚಾ ಕೊಟ್ಟು, ಕೇಳಿ. ಯಾವ ನೋಂದಣಿ ಸಂಸ್ಥೆ? ಅಳೆಯುವವರು ಯಾರು, ಆ ಖರ್ಚು ಯಾರದ್ದು? ಬಂದ ಹಣದಲ್ಲಿ ನನ್ನ ಪಾಲೆಷ್ಟು? ಗಾಳಿಗೆ ಮರ ಬಿದ್ದರೆ ಯಾರು ಹೊಣೆ? ರಬ್ಬರ್ ಮರ ಮುದಿಯಾಗಿ ಕಡಿಯಬೇಕಾದರೆ? ಮಗಳಿಗೆ ಜಾಗ ಪಾಲು ಮಾಡಿದರೆ ಒಪ್ಪಂದ ಅವಳ ಮೇಲೂ ಬೀಳುತ್ತಾ? ಉತ್ತರಗಳನ್ನು ಕಾಗದದ ಮೇಲೆ, ಕನ್ನಡದಲ್ಲಿ ಕೊಡಲಿ. ಊರಿನ ವಕೀಲರಿಗೆ ತೋರಿಸದೆ ಸಹಿ ಬೇಡ. 30 ವರ್ಷ ಅಂದರೆ ನಿಮ್ಮ ಮೊಮ್ಮಕ್ಕಳ ಕಾಲ.

ಪ್ಯಾರಿಸ್ ಒಪ್ಪಂದದ 6ನೇ ವಿಧಿಯಡಿ ದೇಶದಿಂದ ದೇಶಕ್ಕೆ ಮಾರುವುದೂ ಇದೆ. ಅದರ ನಿಯಮಗಳು 2021ರಲ್ಲಿ ಗ್ಲಾಸ್ಗೋದಲ್ಲಿ ಶುರುವಾಗಿ 2024ರಲ್ಲಿ ಬಾಕುವಿನಲ್ಲಿ ಮುಗಿದವು. ಬ್ಯಾಂಕಾಕಿನ ವಿದ್ಯುತ್ ಬಸ್ಸುಗಳು ಉಳಿಸಿದ ಹೊಗೆಯನ್ನು ಸ್ವಿಟ್ಜರ್ಲೆಂಡ್ ಕೊಂಡದ್ದೇ ಈ ದಾರಿಯ ಮೊದಲ ವ್ಯಾಪಾರ. ಅಲ್ಲಿ ಒಂದು ಕಟ್ಟುನಿಟ್ಟು ಇದೆ. ಮಾರಿದ ದೇಶ ಆ ಉಳಿತಾಯವನ್ನು ತನ್ನ ಲೆಕ್ಕದಿಂದ ತೆಗೆಯಬೇಕು. ಮುಂಬೈಗೆ ಕಳಿಸಿದ ಅಟ್ಟೆಯನ್ನು ಕೃಷ್ಣ ಮಠಕ್ಕೂ ಕೊಟ್ಟೆ ಅಂತ ಬರೆಯೋಕಾಗುತ್ತಾ? ಆದ್ದರಿಂದಲೇ ಭಾರತ ಈ ದಾರಿಗೆ ಹಸಿರು ಹೈಡ್ರೋಜನ್, ಕಡಲ ಮೇಲಿನ ಗಾಳಿ ವಿದ್ಯುತ್ ಥರದ ದುಬಾರಿ ತಂತ್ರಜ್ಞಾನಗಳನ್ನೇ ಆರಿಸಿಕೊಂಡಿದೆ. ಅಗ್ಗದ್ದನ್ನು ಹೊರಗೆ ಮಾರಿ, ಕಷ್ಟದ್ದನ್ನು ನಮಗೆ ಉಳಿಸಿಕೊಳ್ಳಬಾರದು. ಇದು ಸರಿಯಾದ ನಿರ್ಧಾರ.

ಪ್ರಶ್ನೆ: ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಈ ಕಾರ್ಬನ್ ಲೆಕ್ಕದ ಕೆಲಸಕ್ಕೆ ಹೋಗುತ್ತೇನೆ ಅಂತಾನೆ. ಅದರಲ್ಲಿ ಭವಿಷ್ಯ ಇದೆಯಾ?
– ತಾಯಿ, ಮಣಿಪಾಲ

ಉತ್ತರ: ಇದೆ ಅಕ್ಕ, ಧೈರ್ಯವಾಗಿ ಕಳಿಸಿ. ಲೆಕ್ಕ ಪರಿಶೀಲಿಸುವವರು ಇನ್ನು ಮೇಲೆ ತುಂಬಾ ಬೇಕು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆಗೆ ಈಗಿನಿಂದಲೇ ಓದಲಿ, ನಾಲ್ಕು ಪೇಪರ್ ಇರುತ್ತದೆ. ಡಿಗ್ರಿ ಆದ ಮೇಲೆ ಕೆಲವು ವರ್ಷದ ಅನುಭವವೂ ಬೇಕು. ಹಾಗಾಗಿ ಮೊದಲ ಕೆಲಸ ಏಸಿ ರೂಮಿನದ್ದು ಹುಡುಕದೆ ಬಾಯ್ಲರ್ ಇರುವ ಕಡೆ ಸೇರಲಿ.

ನನ್ನ ಹತ್ತಿರ ಚಿಮಣಿಯ ಹೊಗೆ ಅಳೆಯುವ ಹಳೇ ಅನಲೈಸರ್ ಒಂದಿದೆ. ಸೆನ್ಸರ್ ಹೋಗಿದೆ, ಆದರೆ ಬಿಚ್ಚಿ ಕಲಿಯಲು ಚೆನ್ನಾಗಿದೆ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ಬರಲಿ. ಶನಿವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ.